‘ವಾಕಿಂಗ್ ಮಾಡು’ ಅಂದರೆ ಸಾಲದು, ಜೊತೆಗೆ ಹೋಗಬೇಕು

ಖಿನ್ನತೆ ಇದೆ ಅಂತ ಯಾರಾದರೂ ಧೈರ್ಯ ಮಾಡಿ ಹೇಳಿಕೊಂಡರೆ ನಮ್ಮಲ್ಲಿ ಸಿಗುವ ಮೊದಲ ಉತ್ತರ ಹೆಚ್ಚುಕಡಿಮೆ ಒಂದೇ. "ಬೆಳಿಗ್ಗೆ ಬೇಗ ಎದ್ದು ವಾಕಿಂಗ್ ಮಾಡು, ಎಲ್ಲ ಸರಿಹೋಗುತ್ತೆ." ಮನೆಯಲ್ಲಿ ಅಪ್ಪ ಹೇಳ್ತಾರೆ, ಆಫೀಸಿನಲ್ಲಿ ಮ್ಯಾನೇಜರ್ ಹೇಳ್ತಾರೆ, ಫ್ಯಾಮಿಲಿ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಸೂರ್ಯೋದಯದ ಫೋಟೋ ಜೊತೆ ಅದೇ ಮಾತು ಬರುತ್ತೆ.

ಈ ಸಲಹೆ ಸುಳ್ಳಲ್ಲ. ವ್ಯಾಯಾಮದಿಂದ ಖಿನ್ನತೆ, ಆತಂಕ ಎರಡೂ ಕಡಿಮೆಯಾಗಬಹುದು ಅನ್ನುವುದಕ್ಕೆ ಸಾಕಷ್ಟು ಸಂಶೋಧನೆ ಇದೆ. ಆದರೆ ಆ ಸಂಶೋಧನೆಗಳನ್ನು ಸ್ವಲ್ಪ ಒಳಹೊಕ್ಕು ನೋಡಿದರೆ ಒಂದು ವಿಷಯ ಕಾಣುತ್ತದೆ. ಒಳ್ಳೆ ಫಲ ಕೊಟ್ಟ ಪ್ರಯೋಗಗಳಲ್ಲಿ "ಹೋಗಿ ವಾಕ್ ಮಾಡಿ" ಅಂತ ಹೇಳಿ ಕೈತೊಳೆದುಕೊಂಡಿರಲಿಲ್ಲ. ವಾರಕ್ಕೆ ಎಷ್ಟು ದಿನ, ಎಷ್ಟು ನಿಮಿಷ, ಯಾವ ವೇಗ ಅಂತ ನಿಗದಿ ಮಾಡಿದ್ದರು. ಹೇಳಿಕೊಡುವವರು ಇದ್ದರು. ನಾವು ಸಲಹೆ ಕೊಡುವಾಗ ಈ ಅರ್ಧವನ್ನೇ ಬಿಟ್ಟುಬಿಡುತ್ತೇವೆ.

ಬಿಟ್ಟಿದ್ದರಿಂದ ಏನಾಗುತ್ತೆ ಅಂದರೆ, ಎದ್ದು ಹೋಗಲಿಕ್ಕೆ ಆಗದವನು ಅದನ್ನೂ ತನ್ನ ಸೋಲುಗಳ ಪಟ್ಟಿಗೆ ಸೇರಿಸಿಕೊಳ್ಳುತ್ತಾನೆ. "ಒಂದು ವಾಕಿಂಗ್ ಕೂಡ ಮಾಡಕ್ಕಾಗಲ್ಲ ನನಗೆ." ಖಿನ್ನತೆ ಮೊದಲು ಕಿತ್ತುಕೊಳ್ಳುವುದೇ ಯಾವುದನ್ನಾದರೂ ಶುರು ಮಾಡುವ ಶಕ್ತಿಯನ್ನು. ಬರೀ ಇಚ್ಛಾಶಕ್ತಿಯ ಮೇಲೆ ನಿಂತ ಸಲಹೆಯನ್ನು ಅಂಥವರಿಗೆ ಕೊಡುವುದು, ಸ್ವಿಚ್ ಆಫ್ ಆದ ಫೋನಿಗೆ "ಆನ್‌ಲೈನಲ್ಲಿ ಒಂದು ಚಾರ್ಜರ್ ತರಿಸ್ಕೋ" ಅಂದ ಹಾಗೆ.

ಇನ್ನೊಂದು ವಿಷಯ. ತೀವ್ರ ಖಿನ್ನತೆ ಇರುವ ಅನೇಕರಿಗೆ ದಿನದಲ್ಲಿ ಅತಿ ಭಾರವಾದ ಹೊತ್ತು ಬೆಳಗಿನದು. ಸಂಜೆ ಆಗುತ್ತಾ ಸ್ವಲ್ಪ ಹಗುರ. ಅಂದರೆ "ಐದು ಗಂಟೆಗೆ ಏಳು" ಅನ್ನುವ ನಮ್ಮ ಪ್ರೀತಿಯ ಉಪದೇಶ ಅವರಿಗೆ ಅತಿ ಕಷ್ಟದ ಗಂಟೆಯನ್ನೇ ಆರಿಸಿಕೊಡುತ್ತದೆ.

ಮಾತ್ರೆ ಒಂದು ಕಡೆ, ಟ್ರೆಡ್‌ಮಿಲ್ ಒಂದು ಕಡೆ

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಬ್ಲೂಮೆಂಥಾಲ್ ಮತ್ತವರ ತಂಡ 1999ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿತು. ಖಿನ್ನತೆ ಇದ್ದ, 50 ದಾಟಿದ 156 ಜನ. ಮೂರು ಗುಂಪು. ಒಂದಕ್ಕೆ ಸರ್ಟ್ರಲಿನ್ ಮಾತ್ರೆ, ಇನ್ನೊಂದಕ್ಕೆ ವ್ಯಾಯಾಮ, ಮತ್ತೊಂದಕ್ಕೆ ಎರಡೂ. ವ್ಯಾಯಾಮ ಅಂದರೆ ವಾರಕ್ಕೆ 3 ದಿನ, ನಿಗಾದಲ್ಲಿ, 30 ನಿಮಿಷ ಚುರುಕಾದ ನಡಿಗೆ ಅಥವಾ ಓಟ. ಮಾತ್ರೆ ತೆಗೆದುಕೊಂಡವರು ಮೊದಲ ವಾರಗಳಲ್ಲಿ ಬೇಗ ಚೇತರಿಸಿಕೊಂಡರು. ಆದರೆ 16 ವಾರ ಮುಗಿದಾಗ ಮೂರು ಗುಂಪುಗಳೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದವು.

ಅದೇ ತಂಡ 2007ರಲ್ಲಿ 202 ಜನರ ಮೇಲೆ ಇನ್ನೂ ಬಿಗಿಯಾದ ಪ್ರಯೋಗ ಮಾಡಿತು. ಈ ಸಲ ನಾಲ್ಕು ಗುಂಪು. ನಿಗಾದಲ್ಲಿ ಎಲ್ಲರ ಜೊತೆ ವ್ಯಾಯಾಮ ಮಾಡಿದವರಲ್ಲಿ 45%, ಮನೆಯಲ್ಲೇ ಮಾಡಿದವರಲ್ಲಿ 40%, ಮಾತ್ರೆ ತೆಗೆದುಕೊಂಡವರಲ್ಲಿ 47%, ಔಷಧವಿಲ್ಲದ ಡಮ್ಮಿ ಮಾತ್ರೆ ತೆಗೆದುಕೊಂಡವರಲ್ಲಿ 31% ಜನ ಖಿನ್ನತೆಯಿಂದ ಹೊರಬಂದಿದ್ದರು. ಡಮ್ಮಿ ಮಾತ್ರೆಯ 31% ನೋಡಿ. ಯಾರೋ ನಿಯಮಿತವಾಗಿ ವಿಚಾರಿಸಿಕೊಳ್ಳುವುದಕ್ಕೂ ಕಾಲಕ್ಕೂ ಒಂದಷ್ಟು ಗುಣ ಇದೆ. ಹಾಗೆಯೇ, ಮನೆಯಲ್ಲಿ ಮಾಡಿದವರೂ ಅಷ್ಟೇನೂ ಹಿಂದೆ ಬೀಳಲಿಲ್ಲ. ಆದರೆ ಅವರನ್ನೂ ಸುಮ್ಮನೆ ಕಳಿಸಿರಲಿಲ್ಲ. ಮೊದಲು ಹೇಳಿಕೊಟ್ಟು, ಲೆಕ್ಕ ಹಾಕಿಕೊಟ್ಟು ಕಳಿಸಿದ್ದರು.

ಈಗ ಇದಕ್ಕೆ ಉಲ್ಟಾ ಉದಾಹರಣೆ. ಬ್ರಿಟನ್ನಿನಲ್ಲಿ 361 ಜನರ ಒಂದು ಪ್ರಯೋಗ 2012ರಲ್ಲಿ ಪ್ರಕಟವಾಯಿತು. ಅಲ್ಲಿ ಮಾಮೂಲಿ ಚಿಕಿತ್ಸೆಯ ಜೊತೆಗೆ, ಕೆಲವು ಭೇಟಿ ಮತ್ತು ಫೋನ್ ಕರೆಗಳ ಮೂಲಕ "ಹೆಚ್ಚು ಚಟುವಟಿಕೆಯಿಂದಿರಿ" ಅಂತ ಹುರಿದುಂಬಿಸಿದರು. ಯಾವ ವ್ಯಾಯಾಮ, ಎಷ್ಟು ಅನ್ನುವುದನ್ನು ಅವರವರಿಗೇ ಬಿಟ್ಟರು. ಜನ ಹೆಚ್ಚು ಓಡಾಡಿದ್ದು ನಿಜ. ಖಿನ್ನತೆ ಮಾತ್ರ ಮಾಮೂಲಿ ಚಿಕಿತ್ಸೆ ಪಡೆದವರಿಗಿಂತ ಹೆಚ್ಚೇನೂ ಇಳಿಯಲಿಲ್ಲ. ಒಂದು ಪ್ರಯೋಗದಿಂದ ತೀರ್ಪು ಕೊಡಲಾಗದು. ಆದರೂ ಪ್ರೋತ್ಸಾಹವೇ ಬೇರೆ, ಚಿಕಿತ್ಸೆಯಾಗಿ ಕೊಡುವ ವ್ಯಾಯಾಮವೇ ಬೇರೆ ಅನ್ನುವುದು ನನಗೆ ಇಲ್ಲಿಂದಲೇ ಅರ್ಥವಾಗಿದ್ದು.

2024ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ 218 ಪ್ರಯೋಗಗಳನ್ನು, ಅಂದರೆ 14,170 ಜನರ ಮಾಹಿತಿಯನ್ನು ಒಟ್ಟು ಹಾಕಿದ ವಿಶ್ಲೇಷಣೆ ಪ್ರಕಟಿಸಿತು. ನಡಿಗೆ ಅಥವಾ ಜಾಗಿಂಗ್, ಯೋಗ, ಭಾರ ಎತ್ತುವ ವ್ಯಾಯಾಮ ಇವು ಮುಂದಿದ್ದವು. ಜನ ಅರ್ಧಕ್ಕೆ ಬಿಡದೆ ಮುಂದುವರಿಸಿದ್ದು ಹೆಚ್ಚಾಗಿ ಯೋಗ ಮತ್ತು ಭಾರ ಎತ್ತುವ ವ್ಯಾಯಾಮವನ್ನು. ಅನೇಕ ಪ್ರಯೋಗಗಳ ಗುಣಮಟ್ಟ ಅಷ್ಟಕ್ಕಷ್ಟೆ ಅಂತಲೂ ಲೇಖಕರೇ ಎಚ್ಚರಿಸಿದ್ದಾರೆ. ತಾನು ವ್ಯಾಯಾಮ ಮಾಡುತ್ತಿದ್ದೇನೆ ಅನ್ನುವುದನ್ನು ರೋಗಿಯಿಂದ ಮುಚ್ಚಿಡಲಿಕ್ಕೆ ಆಗಲ್ಲವಲ್ಲ!

ನಮ್ಮೂರಿನ ನಿಮ್ಹಾನ್ಸ್‌ನಲ್ಲಿ

ಇದೆಲ್ಲ ಹೊರದೇಶದ ಮಾತಾಯಿತು ಅನ್ನಬೇಡಿ. ಹೊಸೂರು ರಸ್ತೆಯ ನಿಮ್ಹಾನ್ಸ್ ಈ ಕೆಲಸವನ್ನು ದಶಕಗಳಿಂದ ಮಾಡುತ್ತಿದೆ. 2000ದಲ್ಲಿ ಪ್ರಕಟವಾದ ಅಲ್ಲಿನ ಒಂದು ಅಧ್ಯಯನದಲ್ಲಿ, ತೀವ್ರ ಖಿನ್ನತೆಯಿಂದ ದಾಖಲಾಗಿದ್ದ 45 ಜನರನ್ನು 15ರಂತೆ ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ವಿದ್ಯುತ್ ಕಂಪನ ಚಿಕಿತ್ಸೆ, ಒಂದಕ್ಕೆ ಇಮಿಪ್ರಮಿನ್ ಮಾತ್ರೆ, ಮತ್ತೊಂದಕ್ಕೆ ಸುದರ್ಶನ ಕ್ರಿಯೆ. ನಮ್ಮ ಅಂಜನಾಪುರದವರಿಗೆ ಇದು ಹೊಸ ಹೆಸರೇನಲ್ಲ. ಕನಕಪುರ ರಸ್ತೆಯಲ್ಲಿ ಸ್ವಲ್ಪ ಮುಂದಕ್ಕೆ ಹೋದರೆ ಅದನ್ನು ಕಲಿಸುವ ಆಶ್ರಮವೇ ಇದೆ. ನಾಲ್ಕು ವಾರದ ಕೊನೆಗೆ ಚೇತರಿಸಿಕೊಂಡವರು ಕ್ರಮವಾಗಿ 93%, 73%, 67%. ಉಸಿರಾಟದ ಗುಂಪು ಮಾತ್ರೆಯ ಹತ್ತಿರಕ್ಕೆ ಬಂದಿತ್ತು, ವಿದ್ಯುತ್ ಚಿಕಿತ್ಸೆಯನ್ನು ಮಾತ್ರ ಮುಟ್ಟಲಿಲ್ಲ. 15 ಜನರ ಗುಂಪು ತುಂಬ ಚಿಕ್ಕದು, ಇದೊಂದನ್ನೇ ನಂಬಿ ಯಾರೂ ಮಾತ್ರೆ ಬಿಡಬಾರದು. ಜೊತೆಗೆ ಇದು ನಡೆದದ್ದು ಆಸ್ಪತ್ರೆಯೊಳಗೆ, ವೈದ್ಯರ ಕಣ್ಣೆದುರಿಗೆ.

ಆಮೇಲೆ ಮನೋವೈದ್ಯ ಡಾ. ಬಿ.ಎನ್. ಗಂಗಾಧರ್ ಮತ್ತವರ ಸಹೋದ್ಯೋಗಿಗಳು ಖಿನ್ನತೆಗೆಂದೇ ಒಂದು ಯೋಗಕ್ರಮ ರೂಪಿಸಿದರು. 2013ರಲ್ಲಿ ಬಂದ ಅವರ ವರದಿಯಲ್ಲಿ ಆತ್ಮಹತ್ಯೆಯ ಅಪಾಯವಿಲ್ಲದ 137 ಹೊರರೋಗಿಗಳಿದ್ದರು. ಯೋಗ ಮಾತ್ರ ಮಾಡಿದವರು 23, ಯೋಗದ ಜೊತೆ ಮಾತ್ರೆಯನ್ನೂ ತೆಗೆದುಕೊಂಡವರು 36, ಬರೀ ಮಾತ್ರೆ ತೆಗೆದುಕೊಂಡವರು 78. ಯೋಗ ಮಾಡಿದ ಎರಡೂ ಗುಂಪು ಹೆಚ್ಚು ಸುಧಾರಿಸಿದವು. ಆದರೆ ಗುಂಪನ್ನು ಚೀಟಿ ಎತ್ತಿ ನಿರ್ಧರಿಸಿರಲಿಲ್ಲ, ಯೋಗ ಬೇಕೋ ಬೇಡವೋ ಅನ್ನುವುದು ರೋಗಿಗಳ ಆಯ್ಕೆಯಾಗಿತ್ತು. ಯೋಗ ಆರಿಸಿಕೊಂಡವರಲ್ಲಿ ಮೊದಲೇ ಸ್ವಲ್ಪ ಉತ್ಸಾಹ ಉಳಿದಿದ್ದಿರಬಹುದು. ಈ ಮಿತಿಯನ್ನು ಇಟ್ಟುಕೊಂಡೇ ಓದಬೇಕು.

ನಿಮ್ಹಾನ್ಸೇ 12 ರಾಜ್ಯಗಳಲ್ಲಿ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಸುಮಾರು 20 ಜನರಲ್ಲಿ ಒಬ್ಬರನ್ನು ಖಿನ್ನತೆ ಜೀವನದಲ್ಲಿ ಒಮ್ಮೆಯಾದರೂ ಕಾಡಿರುತ್ತದೆ. ನಿಮ್ಮ ಟೀಮಿನ ಸ್ಟ್ಯಾಂಡ್-ಅಪ್ ಕಾಲ್‌ನಲ್ಲಿ ಎಷ್ಟು ಜನ ಇರ್ತಾರೆ, ಲೆಕ್ಕ ಹಾಕಿ.

ಎದೆ ಬಡಿತಕ್ಕೆ ಹೆದರುವವರಿಗೆ

ಆತಂಕದ ಕಥೆ ಸ್ವಲ್ಪ ಬೇರೆ. ಪ್ಯಾನಿಕ್ ಅಟ್ಯಾಕ್ ಆದವರಿಗೆ ಎದೆ ಹೊಡೆದುಕೊಳ್ಳುವುದೇ ಭಯ. ಮೆಟ್ಟಿಲು ಹತ್ತಿದರೆ ಎದೆ ಬಡಿಯುತ್ತೆ, ಬಡಿದರೆ "ಹಾರ್ಟ್ ಅಟ್ಯಾಕ್" ಅನಿಸುತ್ತೆ, ಹಾಗನಿಸಿದ್ದಕ್ಕೆ ಇನ್ನೂ ಜೋರಾಗಿ ಬಡಿಯುತ್ತೆ. ಕೊನೆಗೆ ಮೆಟ್ಟಿಲನ್ನೇ ಬಿಡುತ್ತಾರೆ.

ವ್ಯಾಯಾಮ ಇಲ್ಲಿ ಅಭ್ಯಾಸದ ಕೆಲಸ ಮಾಡುತ್ತದೆ. ಪಕ್ಕದಲ್ಲಿ ಒಬ್ಬರಿದ್ದಾಗ, ಬೇಕಂತಲೇ, ಸ್ವಲ್ಪ ಸ್ವಲ್ಪವೇ ಎದೆ ಬಡಿತ ಏರಿಸುವುದು. ಏರಿತು, ಬೆವರಿತು, ಐದು ನಿಮಿಷಕ್ಕೆ ಇಳಿಯಿತು, ಏನೂ ಆಗಲಿಲ್ಲ. ಇದನ್ನು ಮತ್ತೆ ಮತ್ತೆ ಕಂಡ ಮೇಲೆ ಮಿದುಳು ಬಡಿತವನ್ನು ಅಪಾಯ ಅಂತ ಓದುವುದನ್ನು ನಿಧಾನವಾಗಿ ಬಿಡುತ್ತದೆ. ಜರ್ಮನಿಯಲ್ಲಿ 1998ರಲ್ಲಿ ಪ್ರಕಟವಾದ, ಪ್ಯಾನಿಕ್ ತೊಂದರೆ ಇದ್ದ 46 ಜನರ 10 ವಾರದ ಪ್ರಯೋಗದಲ್ಲಿ ಓಟ ಡಮ್ಮಿ ಮಾತ್ರೆಗಿಂತ ಚೆನ್ನಾಗಿ ಕೆಲಸ ಮಾಡಿತು. ಕ್ಲೋಮಿಪ್ರಮಿನ್ ಮಾತ್ರೆ ಅದಕ್ಕಿಂತ ಬೇಗ, ಅದಕ್ಕಿಂತ ಚೆನ್ನಾಗಿ ಕೆಲಸ ಮಾಡಿತು. ಎರಡೂ ಮಾತು ನಿಜ.

ಗೇಟ್‌ವರೆಗೆ ಬಂದರೆ ಸಾಕು

ನನ್ನ ಗೆಳೆಯನೊಬ್ಬ ನಮ್ಮ ಮನೆಯಿಂದ ಎರಡು ಕ್ರಾಸ್ ಆಚೆ ಇದ್ದಾನೆ. ಇದನ್ನು ಬರೆಯಲು ಒಪ್ಪಿದ್ದಾನೆ, ಹೆಸರು ಬೇಡ ಅಂದಿದ್ದಾನೆ. ಅವನ ಡಾಕ್ಟರ್ ಮಾತ್ರೆ ಬರೆದುಕೊಟ್ಟು, ವಾರಕ್ಕೆ ಮೂರು ದಿನ ನಡಿಗೆ ಅಂತಲೂ ಅದೇ ಚೀಟಿಯಲ್ಲಿ ಬರೆದಿದ್ದರು. "ಜೊತೆಗೆ ಯಾರಾದರೂ ಇರಲಿ" ಅಂತ ಅವನ ತಾಯಿಗೆ ಹೇಳಿದ್ದರು. ಆಂಟಿ ನನಗೆ ಫೋನ್ ಮಾಡಿದರು.

ಬೆಳಿಗ್ಗೆ ಅವನಿಗೆ ಆಗುತ್ತಿರಲಿಲ್ಲ, ರಾತ್ರಿ ಮಾತ್ರೆಯ ಮಂಪರು ಬೇರೆ. ಹಾಗಾಗಿ ಸಂಜೆ ಆರೂವರೆ ಅಂತ ಮಾಡಿಕೊಂಡೆವು. ಸೋಮವಾರ, ಬುಧವಾರ, ಶುಕ್ರವಾರ. ಒಪ್ಪಂದ ಒಂದೇ: ಚಪ್ಪಲಿ ಹಾಕಿಕೊಂಡು ಗೇಟ್‌ವರೆಗೆ ಬರುವುದು. ಅಲ್ಲಿಂದ ವಾಪಸ್ ಹೋದರೂ ಆ ದಿನದ ಲೆಕ್ಕ ಮುಗಿಯಿತು.

ಮೊದಲ ವಾರ ಎರಡು ಸಲ ಗೇಟಿನಿಂದಲೇ ವಾಪಸ್. "ಇವತ್ತು ಬೇಡ ಮಗಾ." "ಸರಿ, ಬುಧವಾರ ಬರ್ತೀನಿ." ಅಷ್ಟೇ. ಮೂರನೇ ದಿನ ಕ್ರಾಸ್ ತುದಿವರೆಗೆ. ಮಾತಿಲ್ಲ. ಮಾತಾಡಿಸುವ ಪ್ರಯತ್ನವನ್ನು ನಾನೂ ಮಾಡಲಿಲ್ಲ, ಡಾಕ್ಟರ್ ಹೇಳಿದ್ದು ಜೊತೆಗೆ ನಡೆಯಿರಿ ಅಂತ, ಕೌನ್ಸೆಲಿಂಗ್ ಮಾಡಿ ಅಂತಲ್ಲ. ಅಂಜನಾಪುರದ ರಸ್ತೆಗಳು ಗೊತ್ತಲ್ಲ, ಧೂಳು, ಟಿಪ್ಪರ್, ಗುಂಡಿ. ಒಳಗಿನ ಕ್ರಾಸುಗಳಲ್ಲೇ ಸುತ್ತಿದೆವು. 10 ನಿಮಿಷ 15 ಆಯಿತು, ಒಂದು ತಿಂಗಳ ಹೊತ್ತಿಗೆ 25.

ಆರನೇ ವಾರ ಅವನು ಒಂದು ಗುಂಡಿ ತಪ್ಪಿಸಿಕೊಂಡು, ರಸ್ತೆ ಮಾಡಿದವರಿಗೆಲ್ಲ ಎರಡು ನಿಮಿಷ ಬಿಡದೆ ಬೈದ. ಆಂಟಿಗೆ ಹೇಳಿದಾಗ ಅವರ ಮುಖ ಅರಳಿತು. ಬೈಯಲಿಕ್ಕೂ ಸ್ವಲ್ಪ ಜೀವ ಬೇಕಲ್ಲ.

ವ್ಯಾಯಾಮದಿಂದಲೇ ಹೀಗಾಯಿತು ಅಂತ ನಾನು ಹೇಳುವುದಿಲ್ಲ. ಅದೇ ಹೊತ್ತಿಗೆ ಡಾಕ್ಟರ್ ಮಾತ್ರೆಯ ಡೋಸನ್ನೂ ಬದಲಿಸಿದ್ದರು. ಎರಡು ಬದಲಾವಣೆ ಒಟ್ಟಿಗೆ ರಿಲೀಸ್ ಮಾಡಿದರೆ ಬಗ್ ಯಾವುದರಿಂದ ಸರಿಹೋಯಿತು ಅಂತ ಹೇಳಲಾಗದು, ನಮ್ಮ ಕೆಲಸದಲ್ಲಿರುವ ಎಲ್ಲರಿಗೂ ಇದು ಗೊತ್ತು. ಆದರೆ ಅವನು ಫೋನಿನಲ್ಲಿ ಹಾಕಿಕೊಂಡಿದ್ದ ಮೂರು ಫಿಟ್‌ನೆಸ್ ಆ್ಯಪ್‌ಗಳಿಗೆ, ವರ್ಷದ ಹಣ ಕಟ್ಟಿದ್ದ ಜಿಮ್ಮಿಗೆ ಆಗದ ಕೆಲಸ ಒಂದು ಗೇಟಿನಿಂದ ಆಯಿತು ಅನ್ನುವುದನ್ನು ಮಾತ್ರ ಖಂಡಿತ ಹೇಳಬಲ್ಲೆ.

ಶುರು ಮಾಡುವವರಿಗೆ

ಮೊದಲು ಡಾಕ್ಟರ್. ಥೈರಾಯ್ಡ್ ಕಡಿಮೆ ಇದ್ದರೆ, ರಕ್ತಹೀನತೆ ಅಥವಾ ಬಿ12 ಕೊರತೆ ಇದ್ದರೆ ಸುಸ್ತು, ಮಂಕು ಹೆಚ್ಚುತ್ತದೆ. ಒಂದು ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಹೃದಯದ ತೊಂದರೆ, ಗರ್ಭಿಣಿ, ಮಂಡಿ ನೋವು ಇದ್ದವರು ಮೊದಲೇ ಹೇಳಿ.

ಮಾತ್ರೆಯ ಹಾಗೆಯೇ ವ್ಯಾಯಾಮದ ಡೋಸನ್ನೂ ಬರೆಸಿಕೊಳ್ಳಿ. ವಾರಕ್ಕೆ 3 ದಿನ, 10 ನಿಮಿಷದಿಂದ ಶುರು ಮಾಡಿದರೂ ಸಾಕು. ಎರಡು ತಿಂಗಳಲ್ಲಿ 30 ನಿಮಿಷಕ್ಕೆ ಹೋಗುವ ಗುರಿ ಇರಲಿ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಾರಕ್ಕೆ 150 ನಿಮಿಷ ಆಮೇಲೆ ನೋಡಿಕೊಳ್ಳೋಣ. ವೇಗ ಎಷ್ಟಿರಬೇಕು ಅಂದರೆ, ಮಾತಾಡಲು ಆಗಬೇಕು, ಹಾಡಲು ಆಗಬಾರದು.

ಜೊತೆಗೆ ಯಾರು, ಎಷ್ಟು ಗಂಟೆಗೆ, ಎಲ್ಲಿ ಸಿಗುವುದು ಈ ಮೂರನ್ನು ಗಟ್ಟಿ ಮಾಡಿಕೊಳ್ಳಿ. ಫಿಸಿಯೋಥೆರಪಿಸ್ಟ್, ಯೋಗ ಟೀಚರ್, ಅಕ್ಕ, ಪಕ್ಕದ ಮನೆಯ ಅಂಕಲ್ ಯಾರಾದರೂ ಆಗಬಹುದು. ಕೆಟ್ಟ ದಿನಕ್ಕೆ ಅತಿ ಚಿಕ್ಕ ಗುರಿಯನ್ನು ಮೊದಲೇ ಇಟ್ಟುಕೊಳ್ಳಿ. ಶೂ ಹಾಕುವುದು, ಗೇಟ್ ಮುಟ್ಟುವುದು, ಒಂದು ಸೂರ್ಯನಮಸ್ಕಾರ.

ಜಿಮ್ಮಿಗೆ ಹೋಗುವವರಾದರೆ ಟ್ರೇನರ್‌ಗೆ ಕಾಯಿಲೆಯ ಹೆಸರು ಹೇಳಲೇಬೇಕು ಅಂತಿಲ್ಲ. "ನಾನು ಔಷಧಿ ತಗೋತಿದ್ದೀನಿ, ನಿಧಾನವಾಗಿ ಹೋಗೋಣ, ಬರದ ದಿನ ಬೈಬೇಡಿ, ಒಂದು ಮೆಸೇಜ್ ಹಾಕಿ ಸಾಕು" ಅಂದರೆ ಆಯಿತು. ಅದಕ್ಕೆ ನಕ್ಕರೆ ಬೇರೆ ಟ್ರೇನರ್ ನೋಡಿ.

ಔಷಧಿ ತೆಗೆದುಕೊಳ್ಳುವವರಿಗೆ ಎರಡು ಮಾತು. ಆತಂಕಕ್ಕೆ ಪ್ರೊಪ್ರನಲಾಲ್ ಕೊಟ್ಟಿದ್ದರೆ ಅದು ಎದೆ ಬಡಿತವನ್ನು ಕೆಳಗೇ ಹಿಡಿದಿಡುತ್ತದೆ. ಸ್ಮಾರ್ಟ್‌ವಾಚ್ ತೋರಿಸುವ ಹಾರ್ಟ್‌ರೇಟ್ ಗುರಿ ಮುಟ್ಟಲು ಹೋಗಿ ಸುಸ್ತಾಗಬೇಡಿ, ಮಾತಾಡುವ ಪರೀಕ್ಷೆಯೇ ಸಾಕು. ಲಿಥಿಯಂ ತೆಗೆದುಕೊಳ್ಳುವವರು ಬಿಸಿಲಲ್ಲಿ ತುಂಬ ಬೆವರಿ ನೀರು ಕಡಿಮೆಯಾದರೆ ರಕ್ತದಲ್ಲಿ ಅದರ ಪ್ರಮಾಣ ಏರಬಹುದು. ನೀರು, ಉಪ್ಪಿನ ಬಗ್ಗೆ ಡಾಕ್ಟರನ್ನು ಕೇಳಿಯೇ ಜೋರು ವ್ಯಾಯಾಮ ಶುರು ಮಾಡಿ. ಇನ್ನು, ವಾಚು ತೋರಿಸುವ "ಸ್ಟ್ರೀಕ್" ಒಂದು ದಿನ ಮುರಿದರೆ ನಿಮಗೆ ಇಡೀ ದಿನ ಬೇಜಾರಾಗುವುದಾದರೆ ಆ ನೋಟಿಫಿಕೇಶನ್ ಆಫ್ ಮಾಡಿ. ವಾರದ ಕೊನೆಗೆ ಒಟ್ಟು ಎಷ್ಟು ದಿನ ಆಯಿತು ಅಂತ ನೋಡಿದರೆ ಸಾಕು.

ಫಲಕ್ಕೆ ಎಂಟು, ಹತ್ತು ವಾರ ಕೊಡಿ. ಚೆನ್ನಾಗಿದ್ದೇನೆ ಅನಿಸಿದ ತಕ್ಷಣ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಅದನ್ನು ಬರೆದುಕೊಟ್ಟವರೇ ಇಳಿಸಬೇಕು.

ಜೊತೆಗಿರುವವರಿಗೆ

ಹಾಸಿಗೆಯಿಂದ ಏಳಲಾಗದಷ್ಟು, ಊಟ ಬಿಡುವಷ್ಟು ಖಿನ್ನತೆ ಇದ್ದಾಗ, ಸಾಯುವ ಮಾತು ಬಂದಾಗ ವಾಕಿಂಗ್ ಹೇಳುವ ಸಮಯ ಅದಲ್ಲ. ಒಬ್ಬರನ್ನೇ ಬಿಡಬೇಡಿ, ನೇರ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ದಾರಿ ತೋಚದಿದ್ದರೆ 14416ಕ್ಕೆ ಫೋನ್ ಮಾಡಿ. 2022ರ ಅಕ್ಟೋಬರ್ 10ರಂದು ಶುರುವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸೇವೆ ಇದು. ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ರೋಗಿಯೇ ಕರೆ ಮಾಡಬೇಕು ಅಂತಿಲ್ಲ, ನೀವೂ ಕೇಳಬಹುದು.

ಅಷ್ಟು ತೀವ್ರವಲ್ಲದ, ಡಾಕ್ಟರ ಹತ್ತಿರ ಹೋಗುತ್ತಿರುವ ಗೆಳೆಯ ಗೆಳತಿಯರು ನಿಮಗಿದ್ದರೆ ಅವರಿಗೆ ಮೋಟಿವೇಶನಲ್ ವಿಡಿಯೋ ಕಳಿಸಬೇಡಿ. ವಾರದಲ್ಲಿ ನಿಮಗೆ ಬಿಡುವಿರುವ ಎರಡು ಸಂಜೆ ನೋಡಿಕೊಳ್ಳಿ. ನೀವು ಪ್ರತಿ ವಾರ ಕೊಡಬಲ್ಲಷ್ಟನ್ನೇ ಹೇಳಿ, ಉತ್ಸಾಹದಲ್ಲಿ ಐದು ದಿನ ಅಂತ ಹೇಳಿ ಮೂರನೇ ವಾರಕ್ಕೆ ಕೈಬಿಡಬೇಡಿ. ಊರಿಗೆ ಹೋಗುವುದಿದ್ದರೆ ಮುಂಚೆಯೇ ತಿಳಿಸಿ. ಅವರು ಬರಲಿಲ್ಲ ಅಂದರೆ ಬೇಜಾರು ಮಾಡಿಕೊಳ್ಳದೆ ಮುಂದಿನ ದಿನ ಮತ್ತೆ ಅದೇ ಹೊತ್ತಿಗೆ ಹೋಗಿ. ನಿಮಗೂ ಅಷ್ಟು ನಡಿಗೆ ಆದ ಹಾಗಾಯಿತು.